ಫೋಟೊ ನೋಡಿ ನದಿ ಹೇಳುವುದು

ನನ್ನ ತಂಗಿಯ ಮಗಳು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ನೌಕರಿಯಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳೂ ಅವಳ ಗಂಡನೂ ಹದಿನೈದು ದಿನ ರಜೆ ಹಾಕಿ ನದಿಯ ಕ್ರೂಸ್ ಹಡಗು ಹತ್ತಿದರು. ಹತ್ತಿದ ದಿನವೇ ಒಂದು ಫೋಟೊ ಕಳಿಸಿ, ಎಲ್ಲಿಂದ ಎಲ್ಲಿಗೆ ಹೊರಟಿದ್ದೇವೆ ಎಂಬುದನ್ನು ಬೇಕೆಂತಲೇ ಮುಚ್ಚಿಟ್ಟು, "ಮಾಮಾ, ಇದು ಯಾವ ಊರು? ಹೇಳ್ರಿ ನೋಡೂಣು" ಎಂದು ಕೇಳಿದಳು. ನಾನು ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾಗಿ ಧಾರವಾಡದ ಮನೆಯಲ್ಲಿ ಕುಳಿತವನು. ಯುರೋಪನ್ನು ಕಣ್ಣಾರೆ ಕಂಡವನಲ್ಲ. ಆದರೂ ನೆಲದ ಚಿತ್ರ ನೋಡಿ ಜಾಗ ಗುರುತಿಸುವುದು ನನ್ನ ಹೊಟ್ಟೆಪಾಡಿನ ವಿದ್ಯೆಯೇ ಆಗಿದ್ದುದರಿಂದ ಒಪ್ಪಿಕೊಂಡೆ. ಕರಾರು ಒಂದೇ: ನಕಾಶೆ ನೋಡಬಹುದು, ಪುಸ್ತಕ ನೋಡಬಹುದು, ಫೋಟೊವನ್ನು ಫೋನಿಗೆ ತೋರಿಸಿ ಉತ್ತರ ಕೇಳುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ತೆಗೆದ ಸ್ಥಳದ ಮಾಹಿತಿ ತಾನಾಗಿಯೇ ಕಳಚಿಹೋಗುವುದರಿಂದ ಆ ಬಾಗಿಲೂ ಮುಚ್ಚಿತ್ತು.

ಮೊದಲ ಉತ್ತರವೇ ತಪ್ಪಾಯಿತು. ಫೋಟೊದಲ್ಲಿ ಹಡಗಿನ ಹಿಂಭಾಗ, ಅಲ್ಲಿ ಕೆಂಪು ಬಟ್ಟೆಯ ಮೇಲೆ ಬಿಳಿ ಶಿಲುಬೆಯ ಬಾವುಟ, ಅದರಾಚೆ ಹಸಿರು ಗುಡ್ಡ. ಸ್ವಿಟ್ಜರ್‌ಲೆಂಡಿನ ಬಾವುಟ ಕಂಡೊಡನೆ ಹಿಂದೆಮುಂದೆ ನೋಡದೆ "ಬಾಸೆಲ್" ಎಂದುಬಿಟ್ಟೆ. ಹಡಗು ಇದ್ದದ್ದು ಜರ್ಮನಿಯ ಬೊಪ್ಪಾರ್ಡ್ ಎಂಬ ಊರಿನ ಹತ್ತಿರ, ರೈನ್ ನದಿಗುಂಟ ಬಾಸೆಲ್‌ನಿಂದ 400 ಕಿ.ಮೀ. ಕೆಳಗೆ. ಹಡಗಿನ ಹಿಂಭಾಗದ ಬಾವುಟವು ಅದು ನೋಂದಣಿಯಾದ ದೇಶವನ್ನು ಹೇಳುತ್ತದೆಯೇ ಹೊರತು ನಿಂತ ನೀರು ಯಾವ ದೇಶದ್ದೆಂಬುದನ್ನು ಹೇಳುವುದಿಲ್ಲ. ಯುರೋಪಿನ ನದಿ ಹಡಗುಗಳಲ್ಲಿ ಬಹಳಷ್ಟು ಬಾಸೆಲ್‌ನಲ್ಲಿ ನೋಂದಣಿಯಾಗಿರುತ್ತವೆ. ಅವು ಹಂಗೇರಿಯಲ್ಲಿ ಲಂಗರು ಹಾಕಿದಾಗಲೂ ಹಿಂದೆ ಸ್ವಿಸ್ ಬಾವುಟವೇ ಹಾರಾಡುತ್ತಿರುತ್ತದೆ. ಪರಸ್ಥಳದ ನಂಬರ್ ಪ್ಲೇಟಿನ ಲಾರಿಯನ್ನು ಕಂಡು ಊರನ್ನೇ ತಪ್ಪು ತಿಳಿದವನ ಗತಿ ನನ್ನದಾಯಿತು.

ಆ ಪೆಟ್ಟಿನ ನಂತರ ನಾನು ಮೇಲಿನ ಕೋಟೆ ಗೋಪುರಗಳನ್ನು ಬಿಟ್ಟು ನೀರಿನ ಅಂಚನ್ನು ನೋಡತೊಡಗಿದೆ. ಅಲ್ಲಿ ಸಿಕ್ಕಿದ್ದು ಕಿಲೋಮೀಟರ್ ಹಲಗೆ. ನಮ್ಮ ರಸ್ತೆಗಳಲ್ಲಿ ಮೈಲುಗಲ್ಲು ಇರುವಂತೆ ಅಲ್ಲಿಯ ದೊಡ್ಡ ನದಿಗಳ ದಂಡೆಯುದ್ದಕ್ಕೂ, ಹಡಗಿನವರಿಗೆ ದೂರದಿಂದಲೇ ಓದಲು ಬರುವಂತೆ, ಬಿಳಿ ಹಲಗೆಯ ಮೇಲೆ ಕಪ್ಪು ಅಂಕಿ ಬರೆದಿರುತ್ತಾರೆ. ಆದರೆ ಪ್ರತಿ ನದಿಯ ಎಣಿಕೆಯ ಪದ್ಧತಿಯೂ ಬೇರೆ. ರೈನ್ ನದಿಯ ಲೆಕ್ಕ ಕೊನ್‌ಸ್ಟಾನ್ಸ್ ಊರಿನ ಹಳೆಯ ಸೇತುವೆಯಲ್ಲಿ ಸೊನ್ನೆಯಿಂದ ಶುರುವಾಗಿ ಸಮುದ್ರದ ಕಡೆಗೆ ಏರುತ್ತ ಹೋಗುತ್ತದೆ: ಬಾಸೆಲ್ ಸುಮಾರು 167, ಬಿಂಗೆನ್ 528, ಕೊಬ್ಲೆಂಟ್ಸ್ 591, ಕಲೋನ್ 688. ಡ್ಯಾನ್ಯೂಬ್‌ನದು ಇದಕ್ಕೆ ತಿರುಗಾಮುರುಗಾ. ಕಪ್ಪು ಸಮುದ್ರದ ಬಾಯಿಯಲ್ಲಿರುವ ಸುಲಿನಾದಲ್ಲಿ ಸೊನ್ನೆ. ಅಲ್ಲಿಂದ ಮೇಲಕ್ಕೆ ಎಣಿಸುತ್ತ ಬಂದರೆ ಬುಡಾಪೆಸ್ಟ್ 1647, ವಿಯೆನ್ನಾ 1929, ಪಾಸೌ 2226. ಮೈನ್ ನದಿಯೂ ತಾನು ರೈನ್ ಸೇರುವ ಜಾಗದಿಂದ ಮೇಲಕ್ಕೆ ಎಣಿಸಿಕೊಳ್ಳುತ್ತದೆ. ಹೀಗಾಗಿ ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟಿಗೆ ಹೋಗುವ ಹಡಗಿನಿಂದ ನೋಡಿದರೆ ಅಂಕಿ ರೈನ್‌ನಲ್ಲಿ ಇಳಿಯುತ್ತದೆ, ಮೈನ್‌ನಲ್ಲಿ ಏರುತ್ತದೆ, ಮೈನನ್ನೂ ಡ್ಯಾನ್ಯೂಬನ್ನೂ ಜೋಡಿಸುವ ಕಾಲುವೆಯಲ್ಲಿ ಮತ್ತೆ ಸೊನ್ನೆಯಿಂದ ಏರುತ್ತದೆ, ಡ್ಯಾನ್ಯೂಬ್‌ನಲ್ಲಿ ಇಳಿಯುತ್ತದೆ. ಎರಡು ಹಲಗೆಗಳ ಫೋಟೊ ಸಿಕ್ಕರೆ ದಿಕ್ಕೂ ಸಿಕ್ಕಿತು.

ಇದನ್ನು ನಾನು ನಿಜವಾಗಿ ಒರೆಗೆ ಹಚ್ಚಿದ್ದು ಒಂದು ಮಂಜಿನ ಬೆಳಗಿನಲ್ಲಿ. ಅವಳು ಕಳಿಸಿದ ಫೋಟೊದಲ್ಲಿ ಅಕ್ಷರಶಃ ಏನೂ ಇರಲಿಲ್ಲ: ಬೂದು ನೀರು, ಬೂದು ಆಕಾಶ, ನಡುವೆ ಮರಗಳ ಒಂದು ಮಸುಕು ಗೆರೆ, ನೀರಿನಲ್ಲಿ ಕೆಂಪು ತೇಲುಬುರುಡೆ. ಹಿಗ್ಗಿಸಿ ನೋಡಿದಾಗ ಮರಗಳ ಬುಡದಲ್ಲಿ 2024 ಎಂದು ಓದಿಸಿಕೊಂಡಿತು. ನಾಲ್ಕಂಕಿ ಎಂದರೆ ರೈನ್ ಆಗಿರಲು ಕಷ್ಟ. ಅದು ಸಾವಿರ ದಾಟುವ ಹೊತ್ತಿಗೆ ರೋಟರ್‌ಡ್ಯಾಮ್ ತಲುಪಿರುತ್ತದೆ, ಎರಡು ಸಾವಿರ ಮುಟ್ಟುವ ಪ್ರಶ್ನೆಯೇ ಇಲ್ಲ. ಹಾಗಾದರೆ ಡ್ಯಾನ್ಯೂಬ್. ಮೆಲ್ಕ್ ಊರು 2036ರಲ್ಲಿ, ಕ್ರೆಮ್ಸ್ ಊರು 2002ರಲ್ಲಿ. ಇವೆರಡರ ನಡುವಿನ, ಮೂವತ್ತೈದು ಕಿ.ಮೀ. ಆಸುಪಾಸಿನ ಕಣಿವೆಯೇ ದ್ರಾಕ್ಷಿತೋಟಗಳಿಗೆ ಹೆಸರಾದ ಆಸ್ಟ್ರಿಯಾದ ವಾಖೌ. ಕಾಲು ಗಂಟೆ ಬಿಟ್ಟು ಬಂದ ಇನ್ನೊಂದು ಫೋಟೊದಲ್ಲಿ 2019 ಇತ್ತು. ಐದು ಕಿ.ಮೀ.ಗೆ ಕಾಲು ಗಂಟೆ, ಎಂದರೆ ಗಂಟೆಗೆ ಇಪ್ಪತ್ತು. ಅಂಕಿಯೂ ಇಳಿಯುತ್ತಿದೆ, ಹಡಗು ಹೊಳೆಯ ಜೊತೆಗೇ ಸಾಗುತ್ತಿದೆ.

ಇನ್ನು ಆ ಕೆಂಪು ಬುರುಡೆ. ಮಲಪ್ರಭಾ ಎಡದಂಡೆ, ಬಲದಂಡೆ ಕಾಲುವೆ ಎಂದು ನಾವು ಹೇಳುವಾಗ ನೀರು ಹರಿಯುವ ಕಡೆಗೆ ಮುಖ ಮಾಡಿ ಎಡಬಲ ನಿರ್ಧರಿಸುತ್ತೇವಲ್ಲ, ಅಲ್ಲಿಯೂ ಅದೇ ನಿಯಮ. ಹಡಗಿನ ದಾರಿಯ ಬಲ ಅಂಚಿಗೆ ಕೆಂಪು ಬಣ್ಣದ ಡಬ್ಬಿಯಾಕಾರದ ಬುರುಡೆ, ಎಡ ಅಂಚಿಗೆ ಹಸಿರು ಬಣ್ಣದ ಶಂಕುವಿನಾಕಾರದ ಬುರುಡೆ ತೇಲಿಬಿಟ್ಟಿರುತ್ತಾರೆ. ಫೋಟೊದಲ್ಲಿ ಹಡಗಿಗೂ ದಂಡೆಗೂ ನಡುವೆ ಕೆಂಪು ಇದ್ದರೆ ಕಾಣುವುದು ಬಲದಂಡೆ. ವಾಖೌನ ಆ ಭಾಗದಲ್ಲಿ ಬಲದಂಡೆ ಬಹುಮಟ್ಟಿಗೆ ಕಾಡು. ಬಿಸಿಲಿಗೆ ಮೈಯೊಡ್ಡಿದ ಎಡದಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಫೋಟೊದಲ್ಲಿದ್ದದ್ದು ಮರಗಳೇ. "ವಾಖೌ, ಬಲದಂಡೆ, ಮಂಜು ಇಲ್ಲದಿದ್ದರೆ ಆಗ್‌ಸ್ಟೈನ್ ಎಂಬ ಪಾಳುಕೋಟೆ ಕಾಣಬೇಕಿತ್ತು, ಇನ್ನು ಮುಕ್ಕಾಲು ಗಂಟೆಯಲ್ಲಿ ಎಡಕ್ಕೆ ನೀಲಿ ಬಿಳಿ ಗೋಪುರ ಕಾಣುತ್ತದೆ, ಎದ್ದು ಡೆಕ್ಕಿಗೆ ಹೋಗಿ ನಿಲ್ಲು" ಎಂದು ಬರೆದೆ. ನೀಲಿ ಬಿಳಿ ಗೋಪುರ ಡ್ಯೂರ್ನ್‌ಸ್ಟೈನ್ ಮಠದ್ದು, ನದಿಯ ಲೆಕ್ಕದಲ್ಲಿ 2009. ಅರ್ಧ ಗಂಟೆಯಲ್ಲೇ ಅದರ ಫೋಟೊ ಬಂತು, ಕೆಳಗೆ ಒಂದೇ ಸಾಲು: "ಮಾಮಾ, ನೀವು ಹಡಗಿನ್ಯಾಗ ಎಲ್ಲೆರೆ ಅಡಗಿ ಕುಂತೀರೇನು?" ನನ್ನ ಲೆಕ್ಕದಲ್ಲಿ ಕಾಲು ಗಂಟೆ ತಪ್ಪಿತ್ತು ಎಂಬುದನ್ನು ಅವಳು ಗಮನಿಸಲಿಲ್ಲ.

ನೀರಿನ ಬಣ್ಣವನ್ನು ನಂಬಿ ಹೇಳಬಹುದಾದ ಊರು ನನಗೆ ಗೊತ್ತಿರುವಂತೆ ಒಂದೇ, ಪಾಸೌ. ಅಲ್ಲಿ ಮೂರು ನದಿ ಕೂಡುತ್ತವೆ. ಮೇಲಿನ ಕೋಟೆಯಿಂದ ತೆಗೆದ ಫೋಟೊದಲ್ಲಿ, ಆಲ್ಪ್ಸ್ ಹಿಮನದಿಗಳ ಹಿಟ್ಟಿನಂಥ ಹೂಳು ಹೊತ್ತು ತರುವ ಇನ್ ನದಿ ಹಾಲು ಬೆರೆಸಿದ ಹಸಿರಾಗಿ, ಡ್ಯಾನ್ಯೂಬ್ ಕಂದಾಗಿ, ಜವುಗು ಕಾಡಿನಿಂದ ಬರುವ ಸಣ್ಣ ಇಲ್ಜ್ ಕಪ್ಪಾಗಿ, ಪಕ್ಕಪಕ್ಕದಲ್ಲಿ ಕೆಲ ದೂರ ಬೆರೆಯದೆ ಹರಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಸರಾಸರಿ ಲೆಕ್ಕ ಹಾಕಿದರೆ ಇನ್ ತರುವ ನೀರೇ ಡ್ಯಾನ್ಯೂಬ್‌ಗಿಂತ ಹೆಚ್ಚಾದರೂ ಕೂಡಿದ ಮೇಲೆ ಉಳಿಯುವ ಹೆಸರು ಡ್ಯಾನ್ಯೂಬ್‌ನದು. ಅದೇ ಊರಿನ ನಗರಭವನದ ಗೋಡೆಯ ಮೇಲೆ ನೆರೆ ಬಂದ ವರ್ಷಗಳ ಗೆರೆಗಳಿವೆ. 2013ರ ಗೆರೆ ಆಳುಗಳ ತಲೆಗಿಂತ ಎಷ್ಟೋ ಮೇಲಿದೆ. 1501ರ ನಂತರ ಅಷ್ಟು ನೀರು ಏರಿದ್ದು ಅದೇ ಮೊದಲು, 12.89 ಮೀಟರ್. ಗೋಡೆಯ ಆ ಗೆರೆಗಳು ಮಾತ್ರ ಇರುವ ಫೋಟೊ ಬಂದಿದ್ದರೂ ನಾನು ಪಾಸೌ ಎನ್ನುತ್ತಿದ್ದೆ. ಉಳಿದ ಕಡೆ ನೀರಿನ ಬಣ್ಣ ಹಿಂದಿನ ದಿನದ ಮಳೆಯನ್ನು ಹೇಳುತ್ತದೆ, ಅಷ್ಟೇ.

ನೀರಿನ ನಂತರ ನಾನು ನೋಡುವುದು ಮಾಡು. ಮಧ್ಯ ರೈನ್ ಮತ್ತು ಮೋಸೆಲ್ ಕಣಿವೆಗಳಲ್ಲಿ ಮನೆಗಳ ಮಾಡು ಕರಿ ಬೂದು ಬಣ್ಣದ್ದು, ನಾವು ಸಾಲಿಯಲ್ಲಿ ಬರೆಯುತ್ತಿದ್ದ ಪಾಟಿಯಂಥ ಕಲ್ಲಿನದು. ಅಲ್ಲಿಯ ಗುಡ್ಡವೇ ಆ ಕಲ್ಲು, ದ್ರಾಕ್ಷಿಬಳ್ಳಿಯ ಬುಡದಲ್ಲೂ ಅದೇ ಚೂರು. ಮೈನ್ ನದಿಗೂ ಬವೇರಿಯಾದ ಡ್ಯಾನ್ಯೂಬ್‌ಗೂ ಬಂದರೆ ಕೆಂಪು ಚಪ್ಪಟೆ ಹೆಂಚು, ತುದಿ ದುಂಡಗೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಫ್ರಾನ್ಸಿನ ರೋನ್ ನದಿಯ ಕೆಳಭಾಗದಲ್ಲಿ ಇಳಿಜಾರು ಕಡಿಮೆಯಾದ ಮಾಡುಗಳ ಮೇಲೆ ಅರ್ಧಚಂದ್ರಾಕಾರದ ಮಣ್ಣಿನ ಹೆಂಚು. ನೋಡಿದರೆ ನಮ್ಮ ನಾಡಹೆಂಚಿನ ಅಣ್ಣತಮ್ಮನೇ ಸರಿ. ಮಂಗಳೂರು ಹೆಂಚನ್ನು ನಮ್ಮಲ್ಲಿ ಶುರು ಮಾಡಿದವರು ಬಾಸೆಲ್ ಮಿಷನ್ನಿನವರು, 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ಧಾರವಾಡದಲ್ಲಿ ಬೆಳೆದ ನನಗೆ ಬಾಸೆಲ್ ಎಂಬುದು ಮೊದಲು ಒಂದು ಶಾಲೆಯ ಹೆಸರು, ಆಮೇಲೆ ಹೆಂಚಿನ ಹೆಸರು; ರೈನ್ ನದಿಯ ಮೇಲಿನ ಊರು ಎಂದು ಅದನ್ನು ನಕಾಶೆಯಲ್ಲಿ ಹುಡುಕಿದ್ದು ಎಷ್ಟೋ ವರ್ಷಗಳ ನಂತರ. ಮೊದಲ ಫೋಟೊಕ್ಕೆ ಬಾಸೆಲ್ ಎಂದು ಒದರಿದ್ದರಲ್ಲಿ ಈ ಮೋಹದ ಪಾಲೂ ಇದ್ದಿರಬೇಕು.

ದೊಡ್ಡ ಗುರುತುಗಳು ಮೋಸ ಮಾಡುವುದು ಹೇಗೆಂದು ತಿಳಿಯಬೇಕಾದರೆ ಸೇತುವೆಗಳನ್ನು ನೋಡಬೇಕು. ಒಂದು ಸಂಜೆ ಹಳೆಯ ಕಲ್ಲಿನ ಸೇತುವೆಯ ಫೋಟೊ ಬಂತು: ಎರಡೂ ಬದಿಗೆ ಸಂತರ ಮೂರ್ತಿಗಳು, ಹಿಂದೆ ಗುಡ್ಡದ ಮೇಲೆ ದೊಡ್ಡ ಕೋಟೆ, ಸೇತುವೆ ತುಂಬ ಜನ. ನಾನು ಪ್ರಾಗ್ ನಗರದ ಚಾರ್ಲ್ಸ್ ಸೇತುವೆ ಎಂದೆ. ಅದು ಮೈನ್ ನದಿಯ ಮೇಲಿನ ವ್ಯುರ್ಟ್ಸ್‌ಬುರ್ಗ್‌ನ ಹಳೆಯ ಸೇತುವೆ. ತಪ್ಪಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕುಳಿತೆ. ಪ್ರಾಗ್‌ನದು ಅರ್ಧ ಕಿಲೋಮೀಟರಿಗಿಂತ ಉದ್ದ, ಮೂವತ್ತು ಶಿಲ್ಪಗಳು, ಎರಡೂ ತುದಿಗೆ ಕಪ್ಪು ಗೋಪುರಗಳು, ಆಚೆ ಗುಡ್ಡದ ಅರಮನೆಯ ನಡುವಿನಿಂದ ದೊಡ್ಡ ಚರ್ಚಿನ ಚೂಪು ಶಿಖರಗಳು. ವ್ಯುರ್ಟ್ಸ್‌ಬುರ್ಗ್‌ನದರಲ್ಲಿ ಹನ್ನೆರಡೇ ಮೂರ್ತಿ, ಆರು ಆ ಬದಿಗೆ ಆರು ಈ ಬದಿಗೆ, ಕೋಟೆಯ ಕೆಳಗಿನ ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲುಗಳು. ಎಲ್ಲಕ್ಕಿಂತ ಖಚಿತ ಗುರುತು ಜನರ ಕೈಯಲ್ಲಿತ್ತು: ಸೇತುವೆಯ ಗೋಡೆಗೆ ಒರಗಿದವರಲ್ಲಿ ಅರ್ಧ ಜನ ವೈನಿನ ಗಾಜಿನ ಲೋಟ ಹಿಡಿದಿದ್ದರು. ಸೇತುವೆಯ ಮೇಲೆ ನಿಂತು ಲೋಟದಲ್ಲಿ ವೈನು ಕುಡಿಯುವುದು ಆ ಊರಿನ ಪದ್ಧತಿಯಂತೆ. ನಾನು ಸಂತರನ್ನು ಎಣಿಸುವುದು ಬಿಟ್ಟು ಕುಡುಕರನ್ನು ನೋಡಬೇಕಿತ್ತು.

ಈ ತಪ್ಪಿನ ಬೇರು ಇನ್ನೊಂದು ಕಡೆಗಿದೆ, ಅದನ್ನು ಹೇಳಲೇಬೇಕು. ಕ್ರೂಸ್ ಪ್ರವಾಸದ ಕರಪತ್ರಗಳಲ್ಲಿ ಪ್ರಾಗ್ ಎದ್ದು ಕಾಣುವುದರಿಂದ ಹಡಗು ಅಲ್ಲಿಗೆ ಹೋಗುತ್ತದೆಂದು ನಾನು ನಂಬಿದ್ದೆ. ಪ್ರಾಗ್ ಇರುವುದು ವ್ಲ್‌ತಾವಾ ನದಿಯ ಮೇಲೆ, ಡ್ಯಾನ್ಯೂಬ್‌ನ ಹಡಗು ಅಲ್ಲಿಗೆ ಮುಟ್ಟುವ ಹಾದಿಯೇ ಇಲ್ಲ. ಪ್ರವಾಸಿಗಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಸಾಲ್ಜ್‌ಬರ್ಗ್ ಊರೂ ಹಾಗೆಯೇ ಪಾಸೌ ಅಥವಾ ಲಿಂಟ್ಸ್‌ನಿಂದ ಬಸ್ಸಿನ ದಾರಿ, ನೆಕಾರ್ ದಂಡೆಯ ಹೈಡೆಲ್‌ಬರ್ಗ್ ರೈನ್‌ನಿಂದ ಬಸ್ಸಿನ ದಾರಿ. ಆದ್ದರಿಂದ ಈಗ ನಾನು ಪ್ರತಿ ಫೋಟೊಕ್ಕೂ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದನ್ನು ಡೆಕ್ಕಿನ ಮೇಲೆ ನಿಂತು ತೆಗೆದದ್ದೋ, ನೆಲದ ಮೇಲೆ ನಿಂತು ತೆಗೆದದ್ದೋ ಎಂಬುದು. ಡೆಕ್ಕಿನಿಂದ ತೆಗೆದದ್ದಾದರೆ ಕಂಬಿಯ ನೆರಳೋ ಕುರ್ಚಿಯ ಕಾಲೋ ಎಲ್ಲಾದರೂ ಬಿದ್ದಿರುತ್ತದೆ, ಕಣ್ಣಿನ ಎತ್ತರ ನೀರಿನಿಂದ ಆರೇಳು ಮೀಟರಿಗಿಂತ ಮೇಲಿರುವುದಿಲ್ಲ. ಆಗ ಉತ್ತರ ಹಡಗು ಹೋಗುವ ನೀರಿನ ಮೇಲೆಯೇ ಇರಬೇಕು. ನೆಲದ ಫೋಟೊ ಆದರೆ ಸುತ್ತ ನೂರು ಕಿಲೋಮೀಟರು ಬಲೆ ಬೀಸಬೇಕು.

ನೆಲದ ಫೋಟೊಗಳಿಗೆ ಬೀದಿಯ ಚಿಲ್ಲರೆ ಸಾಮಾನುಗಳೇ ಆಧಾರ. ನೆದರ್ಲೆಂಡ್ಸಿನ ಕಾರುಗಳ ನಂಬರ್ ಪ್ಲೇಟು ಹಳದಿ, ಆಸ್ಟ್ರಿಯಾದ್ದರ ಮೇಲೂ ಕೆಳಗೂ ತೆಳ್ಳನೆಯ ಕೆಂಪು ಗೆರೆ. ಅಂಚೆಪೆಟ್ಟಿಗೆ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳಲ್ಲಿ ಹಳದಿ, ಹಂಗೇರಿಯಲ್ಲಿ ನಮ್ಮಲ್ಲಿಯ ಹಾಗೆ ಕೆಂಪು. ಫ್ರಾನ್ಸ್, ಪೋರ್ಚುಗಲ್‌ಗಳ ಔಷಧಿ ಅಂಗಡಿಗೆ ಹಸಿರು ಶಿಲುಬೆಯ ದೀಪ, ಜರ್ಮನಿಯದಕ್ಕೆ ದೊಡ್ಡ ಕೆಂಪು ಅಕ್ಷರ. ಫಲಕದ ಬರಹ ಓದಲು ಬರದಿದ್ದರೂ, ಸ್ವರಾಕ್ಷರದ ತಲೆಯ ಮೇಲೆ ಎರಡು ಓರೆಗೆರೆ ಜೋಡಿಯಾಗಿ ಬಂದರೆ ಅದು ಹಂಗೇರಿ. ಒಮ್ಮೆ ಬ್ರೆಡ್ಡಿನ ಅಂಗಡಿಯ ಫೋಟೊದಲ್ಲಿ ಗಾಜಿನಲ್ಲಿ ಪ್ರತಿಫಲಿಸಿದ ಕಾರಿನ ಹಳದಿ ಪ್ಲೇಟಿನಿಂದಲೇ ಉತ್ತರ ಹೇಳಿದ್ದುಂಟು. ಗಾಳಿಗಿರಣಿ ಕಂಡ ಮಾತ್ರಕ್ಕೆ ಊರು ಹೇಳಬಾರದು ಎಂಬುದನ್ನೂ ಅದೇ ವಾರ ಕಲಿತೆ: ಕಾಲುವೆಯ ಎರಡೂ ದಂಡೆಗೆ ಸಾಲಾಗಿ ನಿಂತು ನೀರೆತ್ತುತ್ತಿದ್ದ ಹತ್ತೊಂಬತ್ತು ಗಿರಣಿಗಳಾದರೆ ಕಿಂಡರ್‌ಡೈಕ್, ಹಸಿರು ಬಣ್ಣ ಬಳಿದ ಮರದ ಮನೆಗಳ ನಡುವೆ ನಿಂತವಾದರೆ ಆಮ್‌ಸ್ಟರ್‌ಡ್ಯಾಮ್ ಬಳಿಯ ಜಾನ್ಸೆ ಸ್ಕಾನ್ಸ್.

ಅವಳ ಪ್ರವಾಸ ಮುಗಿದರೂ ಆಟ ಮುಗಿಯಲಿಲ್ಲ. ಅವಳ ಗೆಳತಿಯರು ಹೋದ ಹಡಗುಗಳ ಫೋಟೊಗಳೂ ಬರತೊಡಗಿದವು. ಪೋರ್ಚುಗಲ್‌ನ ಡೋರು ನದಿ ನನಗೆ ಸುಲಭ. ಬೋಳುಗುಡ್ಡಗಳನ್ನು ಬೆರಳಚ್ಚಿನ ಗೆರೆಗಳಂತೆ ಕೊರೆದ ದ್ರಾಕ್ಷಿಯ ಮೆಟ್ಟಿಲುಗಳು ಬೇರೆಲ್ಲೂ ಅಷ್ಟು ಒತ್ತಾಗಿಲ್ಲ, ಹಡಗುಗಳೂ ಗಿಡ್ಡ. ರೈನ್, ಡ್ಯಾನ್ಯೂಬ್‌ಗಳ ದೊಡ್ಡ ಹಡಗು 135 ಮೀಟರ್ ಉದ್ದವಿದ್ದರೆ ಅಲ್ಲಿಯದು 80ರ ಆಸುಪಾಸು. ಎರಡು ಅಂತಸ್ತಿನ ಕಬ್ಬಿಣದ ಕಮಾನು ಸೇತುವೆ ಕಂಡರೆ ಪೋರ್ಟೊ, ಅದು 1886ರದು. ಕಷ್ಟವಾದದ್ದು ಫ್ರಾನ್ಸಿನ ಸೀನ್ ನದಿಯ ಒಂದು ಫೋಟೊ: ನದಿಯ ತಿರುವು, ಗುಡ್ಡದ ತುದಿಯಲ್ಲಿ ಮುರುಕು ಕೋಟೆ. ಇಂಥ ಕೋಟೆ ರೈನ್‌ನಲ್ಲಿ ಮೈಲಿಗೊಂದು. ಇಲ್ಲಿ ದಾರಿ ತೋರಿದ್ದು ಬಂಡೆಯ ಬಣ್ಣ. ಸುಣ್ಣ ಬಳಿದಂತೆ ಬೆಳ್ಳಗಿದ್ದ ಆ ಕಡಿಬಂಡೆ ಪಾಟಿಕಲ್ಲಿನ ರೈನ್ ಕಣಿವೆಯದಾಗಲು ಸಾಧ್ಯವಿರಲಿಲ್ಲ. ನಕಾಶೆಯಲ್ಲಿ ಸೀನ್ ನದಿಯ ತಿರುವುಗಳನ್ನು ಒಂದೊಂದಾಗಿ ಬೆರಳಿಟ್ಟು ಹಿಂಬಾಲಿಸಿ ಶಾಟೊ ಗೈಯಾರ್ ಎಂದು ಹೇಳಿದೆ. ಇಂಗ್ಲೆಂಡಿನ ದೊರೆ ಮೊದಲನೆಯ ರಿಚರ್ಡ್ ಅದನ್ನು 1196ರಿಂದ 1198ರೊಳಗೆ ಕಟ್ಟಿಸಿದ. ಅದಕ್ಕೂ ಕೆಲವೇ ವರ್ಷ ಮುಂಚೆ, 1192ರ ಚಳಿಗಾಲದಲ್ಲಿ, ಅದೇ ದೊರೆ ಸೆರೆಯಾಳಾಗಿ ಕೂತದ್ದು ಡ್ಯೂರ್ನ್‌ಸ್ಟೈನ್ ಊರಿನ ಮೇಲಿನ ಕೋಟೆಯಲ್ಲಿ. ಮಂಜಿನ ದಿನ ನಾನು ಅವಳನ್ನು ಡೆಕ್ಕಿಗೆ ಓಡಿಸಿದ ಅದೇ ಊರು.

ಬಾಸೆಲ್‌ನ ಸರದಿ ಕೊನೆಗೂ ಬಂತು. ಆ ಫೋಟೊದಲ್ಲಿ ಬಾವುಟ ಇರಲಿಲ್ಲ. ನದಿಯ ನಡುವೆ ಮರದ ಚಾವಣಿಯ ಒಂದು ಸಣ್ಣ ದೋಣಿ, ಹತ್ತಿಪ್ಪತ್ತು ಜನ, ಹುಟ್ಟು ಇಲ್ಲ, ಎಂಜಿನ್ನಿನ ಹೊಗೆ ಇಲ್ಲ, ನೀರಿನಲ್ಲಿ ಎಂಜಿನ್ ಉಳಿಸುವ ನೊರೆಯೂ ಇಲ್ಲ. ದೋಣಿಯಿಂದ ಒಂದು ತಂತಿ ಮೇಲಕ್ಕೆ ಹೋಗಿ, ದಂಡೆಯಿಂದ ದಂಡೆಗೆ ಕಟ್ಟಿದ ದಪ್ಪ ತಂತಿಗೆ ಸೇರಿತ್ತು. ಅಂಬಿಗ ದೋಣಿಯನ್ನು ಹೊಳೆಗೆ ತುಸು ಓರೆಯಾಗಿ ತಿರುಗಿಸುತ್ತಾನೆ, ತಂತಿ ಅದನ್ನು ಕೆಳಕ್ಕೆ ಹೋಗಗೊಡುವುದಿಲ್ಲ, ನೀರಿನ ತಳ್ಳಾಟವೇ ಅದನ್ನು ಅಡ್ಡಡ್ಡ ದಾಟಿಸುತ್ತದೆ. ಬಾಸೆಲ್‌ನಲ್ಲಿ ಇಂಥ ದೋಣಿಗಳು ನಾಲ್ಕಿವೆ. ದಂಡೆಯ ಮೇಲೆ ಕೆಂಪು ಮರಳುಗಲ್ಲಿನ ಅವಳಿ ಗೋಪುರದ ಚರ್ಚು ಅರ್ಧ ಕಾಣುತ್ತಿತ್ತು. ಅದು ಇಲ್ಲದಿದ್ದರೂ ತಂತಿ ಸಾಕಿತ್ತು. ಈ ಸಲ ಎರಡು ದಿನ ತಡೆದು, ಎಲ್ಲ ತಾಳೆ ನೋಡಿ, ಆಮೇಲೆ ಬಾಸೆಲ್ ಎಂದೆ.

ನನ್ನ ಲೆಕ್ಕದಲ್ಲಿ ಇನ್ನೂ ಬಾಕಿ ಉಳಿದದ್ದು ಅವಳ ಮೊದಲ ಪ್ರವಾಸದ್ದೇ ಒಂದು ಫೋಟೊ. ಕ್ಯಾಬಿನ್ನಿನ ಕಿಟಕಿ, ಕಿಟಕಿಯ ತುಂಬ ಒದ್ದೆ ಕಾಂಕ್ರೀಟು, ಪಾಚಿ, ಬೇರೇನೂ ಇಲ್ಲ. ಅದು ಲಾಕ್ ಎಂಬುದು ನಿಸ್ಸಂದೇಹ: ಹಡಗನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಮುಚ್ಚಿ ನೀರು ತುಂಬಿಸಿ ಮೇಲಕ್ಕೆತ್ತುವ ತೊಟ್ಟಿ. ತೊಟ್ಟಿಯ ಅಗಲ ಹನ್ನೆರಡು ಮೀಟರ್, ಹಡಗಿನ ಅಗಲ ಹನ್ನೊಂದೂವರೆಗೆ ತುಸು ಕಡಿಮೆ, ಆದ್ದರಿಂದ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಹಿಂದಿನ ದಿನದ ಫೋಟೊ ನ್ಯೂರೆಂಬರ್ಗ್, ಮರುದಿನದ್ದು ರೇಗೆನ್ಸ್‌ಬುರ್ಗ್. ನಡುವೆ ಇರುವುದು 1992ರಲ್ಲಿ ಪೂರ್ತಿಯಾದ, 171 ಕಿ.ಮೀ. ಉದ್ದದ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆ. ಹಡಗುಗಳು ಅಲ್ಲಿ ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಏರಿ ಮತ್ತೆ ಇಳಿಯುತ್ತವೆ. ಅದೇ ಹೊತ್ತಿಗೆ ಡೆಕ್ಕಿನಿಂದ ಅಳಿಯ ತೆಗೆದ ಇನ್ನೊಂದು ಫೋಟೊದಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿತ್ತು, ಗೋಡೆ ಏಳೆಂಟು ಅಂತಸ್ತಿನ ಮನೆಯಷ್ಟು ಎತ್ತರ. ಆ ಎತ್ತರದ ಲಾಕ್‌ಗಳು ಆ ಕಾಲುವೆಯಲ್ಲಿ ಮೂರೇ ಇವೆ, ಲೇರ್‌ಸ್ಟೆಟೆನ್, ಎಕರ್ಸ್‌ಮ್ಯೂಲೆನ್, ಹಿಲ್ಪೋಲ್ಟ್‌ಸ್ಟೈನ್, ಮೂರರದೂ ಒಂದೇ ಅಳತೆ, 24.67 ಮೀಟರ್. ಮೂರರಲ್ಲಿ ಯಾವುದೆಂದು ಗೋಡೆ ನೋಡಿ ಹೇಳುವ ವಿದ್ಯೆ ನನಗೆ ಇನ್ನೂ ಸಿದ್ಧಿಸಿಲ್ಲ. ಮೂರು ಹೆಸರನ್ನೂ ಬರೆದು, ಸರಿಯಾದದ್ದು ಯಾವುದು ನೀನೇ ಹೇಳು ಎಂದು ಕೇಳಿದೆ. "ನಂಗೆಲ್ಲಿ ಗೊತ್ತು ಮಾಮಾ, ನಡುರಾತ್ರಿ ಎಚ್ಚರಾತು, ಕಿಟಕಿ ತೆಗದ್ರ ಗ್ವಾಡಿ ಇತ್ತು, ಒಂದ್ ಫೋಟೊ ಹೊಡದು ಮಕ್ಕೊಂಡೆ" ಎಂದಳು.